ಸಂತ ಜೋಸೆಫರ ಚಿತ್ರ ನೋಡೋದು ಹೇಗೆ? ಲಿಲ್ಲಿ ಹೂವು, ಬೈರಿಗೆ, ಸಾವಿನ ಹಾಸಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಥೋಲಿಕ ಚರ್ಚಿನೊಳಗೆ ಹೋದರೆ ದೊಡ್ಡ ಪೀಠದ ಒಂದು ಬದಿಗೆ ಯೇಸುವಿನ ತಾಯಿ ಮರಿಯಮ್ಮನವರ ಸ್ವರೂಪ, ಇನ್ನೊಂದು ಬದಿಗೆ ಅವರ ಗಂಡ, ಯೇಸುವಿನ ಸಾಕುತಂದೆ ಸಂತ ಜೋಸೆಫರ ಸ್ವರೂಪ ಇರೋದು ಸಾಮಾನ್ಯ. ಮರಿಯಮ್ಮನ ಮುಂದೆ ಮೇಣದಬತ್ತಿ ಜಾಸ್ತಿ, ಜೋಸೆಫರ ಮುಂದೆ ಕಮ್ಮಿ. ಹತ್ತಿರ ನಿಂತು ನೋಡಿದರೆ ಪ್ರಶ್ನೆಗಳು ಶುರುವಾಗುತ್ತವೆ. ಗಡ್ಡದ ಗಂಡಸಿನ ಕೈಯಲ್ಲಿ ಹೂವು ಯಾಕೆ? ಬಡಗಿ ಅಂತಾರೆ, ಗರಗಸ ಎಲ್ಲಿ? ಹಳೇ ಜಪದ ಪುಸ್ತಕದಲ್ಲಿ ಇವರು ಸಾಯುತ್ತಾ ಮಲಗಿರುವ ಚಿತ್ರ ಯಾಕೆ? ನನ್ನನ್ನು ಬೇರೆಯವರು ಕೇಳಿದ, ನಾನೂ ಒಂದು ಕಾಲಕ್ಕೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಜೋಸೆಫರ ಸುತ್ತ ಇಷ್ಟೊಂದು ಸಂಕೇತಗಳು ಯಾಕೆ?

ಅವರು ಮಾತೇ ಆಡಿಲ್ಲ, ಅದಕ್ಕೆ. ಬೈಬಲ್ಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಹುಡುಕಿ ನೋಡಿ. ಜೋಸೆಫರ ಬಾಯಿಂದ ಬಂದ ಒಂದು ಮಾತೂ ಸಿಗುವುದಿಲ್ಲ. ಮತ್ತಾಯನ ಶುಭಸಂದೇಶದಲ್ಲಿ ಅವರಿಗೆ ಕನಸು ಬೀಳುತ್ತದೆ, ಎದ್ದು ಹೇಳಿದ ಹಾಗೆ ಮಾಡುತ್ತಾರೆ. ಲೂಕನಲ್ಲಿ ಹನ್ನೆರಡು ವರ್ಷದ ಮಗ ಕಳೆದುಹೋಗಿ ದೇವಾಲಯದಲ್ಲಿ ಸಿಕ್ಕಾಗಲೂ ಗದರುವುದು ತಾಯಿ. ಅಪ್ಪ ಪಕ್ಕದಲ್ಲಿ ಸುಮ್ನೆ ನಿಂತಿರುತ್ತಾರೆ. ಆಮೇಲೆ ಅವರ ಸುದ್ದಿಯೇ ಇಲ್ಲ.

ಮಾತಿಲ್ಲದ ಮನುಷ್ಯನ ಚಿತ್ರ ಬರೆಯಬೇಕಾದರೆ ಅವನ ಕೈಗೆ ಏನಾದರೂ ಕೊಡಲೇಬೇಕು ಅಲ್ವಾ? ಹಾಗೆ ಕೊಟ್ಟ ವಸ್ತುಗಳು ಮೂರು ಕಡೆಯಿಂದ ಬಂದಿವೆ. ಕೆಲವು ಬೈಬಲ್ಲಿನಿಂದ. ಕೆಲವು ಬೈಬಲ್ಲಿಗೆ ಸೇರದ ಹಳೇ ಕಥೆಗಳಿಂದ. ಇನ್ನು ಕೆಲವು ಚಿತ್ರಗಾರನ ಊರಿನ ಬಡಗಿ ಅಂಗಡಿಯಿಂದ. ಯಾವುದು ಎಲ್ಲಿಂದ ಬಂತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಕೈಯಲ್ಲಿ ಲಿಲ್ಲಿ ಹೂವು ಯಾಕೆ?

ಅದು ಮೊದಲು ಹೂವಾಗಿರಲಿಲ್ಲ, ಕೋಲಾಗಿತ್ತು. ಎರಡನೇ ಶತಮಾನದ್ದು ಅನ್ನುವ ಒಂದು ಹಳೇ ಬರಹ ಯಾಕೋಬನ ಹೆಸರಿನಲ್ಲಿದೆ. ಅದರ ಪ್ರಕಾರ ಮರಿಯಳನ್ನು ಯಾರ ಕೈಗೆ ಒಪ್ಪಿಸಬೇಕು ಅಂತ ತೀರ್ಮಾನಿಸಲು ದೇವಾಲಯದ ಯಾಜಕ ಹೆಂಡತಿ ಸತ್ತ ಗಂಡಸರನ್ನೆಲ್ಲ ಕರೆಸಿ, ಅವರ ಕೋಲುಗಳನ್ನು ಇಸಿದುಕೊಳ್ಳುತ್ತಾನೆ. ಜೋಸೆಫರ ಕೋಲಿನಿಂದ ಪಾರಿವಾಳವೊಂದು ಹೊರಬಂದು ಅವರ ತಲೆಯ ಮೇಲೆ ಕೂರುತ್ತದೆ. ಯುರೋಪಿನಲ್ಲಿ ಈ ಕಥೆ ಬಾಯಿಂದ ಬಾಯಿಗೆ ಹೋಗುವಾಗ ಕೋಲು ಚಿಗುರಿ ಹೂ ಬಿಟ್ಟಿತು ಅಂತಲೂ ಸೇರಿಕೊಂಡಿತು. ಬೈಬಲ್ಲಿನ ಮೊದಲ ಭಾಗವಾದ ಹಳೇ ಒಡಂಬಡಿಕೆಯಲ್ಲಿ ಯಾಜಕ ಆರೋನನ ಕೋಲು ಬಾದಾಮಿ ಹೂ ಬಿಟ್ಟಿತ್ತಲ್ಲ, ಅದರ ನೆರಳು ಇಲ್ಲಿದೆ.

ಇಟಲಿಯ ರಾಫೇಲ್ 1504ರಲ್ಲಿ ಬರೆದ ಮರಿಯಳ ಮದುವೆಯ ಚಿತ್ರ ಈಗ ಮಿಲಾನಿನ ಬ್ರೆರಾ ಸಂಗ್ರಹಾಲಯದಲ್ಲಿದೆ. ಬರಿಗಾಲಿನ ಜೋಸೆಫರು ಉಂಗುರ ತೊಡಿಸುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಹೂ ಬಿಟ್ಟ ಕೋಲು. ಹಿಂದೆ ನಿಂತ ಉಳಿದ ಗಂಡುಗಳ ಕೋಲುಗಳು ಬೋಳು. ಮುಂದೆ ಇರುವ ಒಬ್ಬ ಯುವಕ ಸಿಟ್ಟಿನಲ್ಲಿ ತನ್ನ ಕೋಲನ್ನು ಮೊಣಕಾಲಿಗೆ ಒತ್ತಿ ಮುರಿಯುತ್ತಿದ್ದಾನೆ. ಇಡೀ ಚಿತ್ರದಲ್ಲಿ ನನಗೆ ಇಷ್ಟ ಆಗೋದು ಆ ಹುಡುಗನೇ.

ಕಾಲ ಹೋದಂತೆ ಕೋಲು ಸಣ್ಣದಾಗಿ ಲಿಲ್ಲಿಯ ದಂಟಾಯಿತು. ಬಿಳಿ ಲಿಲ್ಲಿ ಶುದ್ಧತೆಯ ಗುರುತು. ನಿಮ್ಮ ಚರ್ಚಿನ ಸ್ವರೂಪವನ್ನು ಗಮನಿಸಿ. ಕೆಳಗೆ ಊರುಗೋಲು, ಮೇಲೆ ಹೂವು ಇದ್ದರೆ ಹಳೇ ಕಥೆ ಇನ್ನೂ ಉಸಿರಾಡುತ್ತಿದೆ ಅಂತ ಅರ್ಥ. ಬರೀ ಕಿತ್ತ ಹೂವು ಇದ್ದರೆ ಕಥೆ ಮರೆತುಹೋಗಿ ಶುದ್ಧತೆ ಮಾತ್ರ ಉಳಿದಿದೆ.

ಕೆಲವು ಚಿತ್ರಗಳಲ್ಲಿ ಮುದುಕ, ಕೆಲವದರಲ್ಲಿ ಯುವಕ. ಯಾವುದು ಸರಿ?

ಬೈಬಲ್ಲಿನಲ್ಲಿ ವಯಸ್ಸೇ ಇಲ್ಲ. ಮುದುಕ ಮಾಡಿದ್ದು ಮೇಲೆ ಹೇಳಿದ ಹಳೇ ಕಥೆಗಳು. ಬೈಬಲ್ಲಿನಲ್ಲಿ ಬರುವ ಯೇಸುವಿನ ‘ಸಹೋದರರು’ ಯಾರು ಅನ್ನೋ ಪ್ರಶ್ನೆಗೆ ಅವು ಕೊಟ್ಟ ಉತ್ತರ ಸುಲಭವಾಗಿತ್ತು: ಜೋಸೆಫರಿಗೆ ಮೊದಲೇ ಒಂದು ಮದುವೆಯಾಗಿ ಮಕ್ಕಳಿದ್ದರು, ಹೆಂಡತಿ ತೀರಿಕೊಂಡಿದ್ದಳು. ಮರಿಯಳ ಕನ್ಯತ್ವಕ್ಕೂ ಮುದುಕ ಗಂಡನಿದ್ದರೆ ಯಾರೂ ಅನುಮಾನ ಪಡುವುದಿಲ್ಲ.

ಪೂರ್ವ ದೇಶಗಳ ಸಾಂಪ್ರದಾಯಿಕ ಕ್ರೈಸ್ತರ ಪವಿತ್ರಚಿತ್ರಗಳಲ್ಲಿ ಯೇಸು ಹುಟ್ಟಿದ ದೃಶ್ಯ ನೋಡಿ. ನಡುವೆ ತಾಯಿ, ಮಗು. ಜೋಸೆಫರು ಕೆಳಗಿನ ಮೂಲೆಯಲ್ಲಿ ಗಲ್ಲಕ್ಕೆ ಕೈಕೊಟ್ಟು ಚಿಂತೆಯಲ್ಲಿ ಕೂತಿರುತ್ತಾರೆ. ಎದುರಿಗೆ ಕುರುಬನ ವೇಷದ ಒಬ್ಬ ಮುದುಕ ಏನೋ ಹೇಳುತ್ತಿರುತ್ತಾನೆ. ಅವನು ಜೋಸೆಫರ ಮನಸ್ಸಿನಲ್ಲಿ ಅನುಮಾನ ಬಿತ್ತಲು ಬಂದ ಸೈತಾನ ಅಂತ ಓದುವುದು ರೂಢಿ.

ಪಶ್ಚಿಮದಲ್ಲಿ ಗಾಳಿ ನಿಧಾನವಾಗಿ ತಿರುಗಿತು. ಈಜಿಪ್ಟಿಗೆ ಹೆಂಡತಿ ಮಗುವನ್ನು ಕರೆದುಕೊಂಡು ಓಡಿದವನು, ದುಡಿದು ಸಾಕಿದವನು ಮುದುಕ ಹೇಗಾದಾನು ಅಂತ ಜನ ಕೇಳತೊಡಗಿದರು. ಪ್ಯಾರಿಸ್ಸಿನ ಪಂಡಿತ ಜಾನ್ ಗೆರ್ಸನ್ 1416ರಲ್ಲಿ ಕಾನ್‌ಸ್ಟನ್ಸ್ ಊರಿನಲ್ಲಿ ನಡೆದ ಚರ್ಚಿನ ಮಹಾಸಭೆಯಲ್ಲಿ ಜೋಸೆಫರ ಪರವಾಗಿ ದೊಡ್ಡ ಪ್ರಸಂಗವನ್ನೇ ಮಾಡಿದರು. ಸ್ಪೇನಿನಲ್ಲಿ ಆವಿಲಾದ ಸಂತ ತೆರೇಸಾ 1562ರಲ್ಲಿ ಶುರು ಮಾಡಿದ ಮೊದಲ ಮಠಕ್ಕೆ ಜೋಸೆಫರ ಹೆಸರಿಟ್ಟರು. 1621ರಲ್ಲಿ ಮಾರ್ಚ್ 19ರ ಹಬ್ಬ ಇಡೀ ಕಥೋಲಿಕ ಸಭೆಗೆ ಕಡ್ಡಾಯವಾಯಿತು. ಚಿತ್ರಗಳಲ್ಲಿ ನರೆಗಡ್ಡ ಕಪ್ಪಾಗಿದ್ದು ಈ ಹೊತ್ತಿಗೇ.

ಹೆತ್ತ ಅಪ್ಪ ಅಲ್ಲ ಅಂದಮೇಲೆ ಅಪ್ಪನ ಹಾಗೆ ತೋರಿಸೋದು ಹೇಗೆ?

ಚಿತ್ರಗಾರರಿಗೆ ಇದು ಇಕ್ಕಟ್ಟಿನ ಪ್ರಶ್ನೆ. ಮತ್ತಾಯನಲ್ಲಿ ಮಗುವಿಗೆ ಹೆಸರಿಡು ಅಂತ ದೇವದೂತ ಹೇಳುವುದು ಜೋಸೆಫರಿಗೆ. ಹೆಸರಿಡುವವನೇ ಅಪ್ಪ. ಆದರೆ ಹೆಸರಿಡುವುದನ್ನು ಚಿತ್ರದಲ್ಲಿ ತೋರಿಸೋದು ಕಷ್ಟ. ಹಾಗಾಗಿ ಅಪ್ಪತನ ಸಣ್ಣಸಣ್ಣ ಕೆಲಸಗಳಲ್ಲಿ ಇಳಿದು ಬಂತು.

ನನಗೆ ತುಂಬ ಹಿಡಿಸಿದ್ದು ಕಾಲುಚೀಲದ ಚಿತ್ರ. ಬೆಲ್ಜಿಯಂನ ಆಂಟ್ವರ್ಪಿನಲ್ಲಿ ಸುಮಾರು 1400ರ ಒಂದು ಪುಟ್ಟ ಪೀಠಚಿತ್ರವಿದೆ. ಮಗು ಹುಟ್ಟಿದೆ, ಸುತ್ತಲು ಬಟ್ಟೆಯಿಲ್ಲ. ಜೋಸೆಫರು ಒಂದು ಕಾಲು ಬರಿದು ಮಾಡಿಕೊಂಡು, ತಮ್ಮ ಕಾಲುಚೀಲವನ್ನೇ ಚಾಕುವಿನಿಂದ ಕತ್ತರಿಸುತ್ತಿದ್ದಾರೆ. ಚಳಿ ದೇಶದ ಚಿತ್ರಗಾರ ಅದು. ಬರಿಗಾಲು ಅಂದರೆ ಏನು ಅಂತ ಅವನಿಗೆ ಗೊತ್ತಿತ್ತು.

ಮುಂದೆ ಹದಿನೇಳನೇ ಶತಮಾನದಲ್ಲಿ ಮಗು ನೇರವಾಗಿ ಜೋಸೆಫರ ತೋಳಿಗೇ ಬಂತು. ಅಲ್ಲಿಯವರೆಗೆ ಆ ಜಾಗ ಮರಿಯಮ್ಮನದು. ಸ್ಪೇನಿನ ಮುರಿಲ್ಯೊ 1650ರ ಸುಮಾರಿಗೆ ಬರೆದ ಪವಿತ್ರ ಕುಟುಂಬದ ಚಿತ್ರ ಮ್ಯಾಡ್ರಿಡ್ಡಿನ ಪ್ರಾದೊದಲ್ಲಿದೆ. ಮರಿಯಮ್ಮ ಹಿಂದೆ ಕೂತು ನೂಲು ಸುತ್ತುತ್ತಿದ್ದಾರೆ. ಮುಂದೆ ಯುವಕ ಜೋಸೆಫರು ಮಗುವನ್ನು ಬೀಳದ ಹಾಗೆ ಹಿಡಿದಿದ್ದಾರೆ. ಮಗು ಕೈಯಲ್ಲಿ ಪುಟ್ಟ ಹಕ್ಕಿ ಎತ್ತಿ ಹಿಡಿದು ನಾಯಿಮರಿಯನ್ನು ಆಟ ಆಡಿಸುತ್ತಿದೆ. ತಲೆಯ ಹಿಂದೆ ಪ್ರಭೆಯೂ ಇಲ್ಲ. ಕೆಲಸ ಬಿಟ್ಟು ಮಗನ ಜೊತೆ ಕೂತ ಅಪ್ಪ, ಅಷ್ಟೇ.

ಜೋಸೆಫರು ನಿಜವಾಗಿ ಬಡಗಿಯೇ?

ಗ್ರೀಕ್ ಮೂಲದಲ್ಲಿರುವ ಪದ ‘ತೆಕ್ತೋನ್’. ಮರದ ಕೆಲಸದವನು ಅನ್ನೋದು ಮುಖ್ಯ ಅರ್ಥ. ಮನೆ ಕಟ್ಟುವವನಿಗೂ ಹೇಳಬಹುದು. ಎರಡನೇ ಶತಮಾನದ ಹುತಾತ್ಮ ಜಸ್ಟಿನ್, ಯೇಸು ನೇಗಿಲು, ನೊಗ ಮಾಡುತ್ತಿದ್ದರು ಅಂತ ಬರೆದಿದ್ದಾರೆ. ನಮ್ಮ ಹಳ್ಳಿಯ ಆಚಾರ್ರ ಕೆಲಸವೂ ಬಹುಕಾಲ ಅದೇ ಆಗಿತ್ತಲ್ಲ.

ಚಿತ್ರಗಳಲ್ಲಿ ಉಳಿ, ಕೊಡತಿ, ಗರಗಸ, ಹತ್ತರಿ, ಮೂಲೆಮಟ್ಟ ಎಲ್ಲ ಕಾಣುತ್ತವೆ. ಮೂಲೆಮಟ್ಟಕ್ಕೆ ‘ನೀತಿವಂತ’ ಅನ್ನುವ ಮತ್ತಾಯನ ಮಾತನ್ನು ಜೋಡಿಸುವವರಿದ್ದಾರೆ, ಸೊಟ್ಟ ಇಲ್ಲದ ಮನುಷ್ಯ ಅಂತ. ಚೆನ್ನಾಗಿದೆ. ಆದರೆ ಪ್ರತಿ ಉಪಕರಣಕ್ಕೂ ಒಂದೊಂದು ಗುಣ ಅಂಟಿಸುವ ಪಟ್ಟಿಗಳನ್ನು ನಾನು ಜಾಸ್ತಿ ನಂಬುವುದಿಲ್ಲ. ಬಹಳ ಸಲ ಗರಗಸ ಅಂದರೆ ಬರೀ ಗರಗಸ. ಇವರು ಕೈಕೆಲಸದವರು ಅಂತ ಹೇಳೋಕೆ ಅಷ್ಟು ಸಾಕು.

ಒಂದು ಚಿತ್ರದಲ್ಲಿ ಇಲಿಬೋನು ಮಾಡುತ್ತಿದ್ದಾರಂತೆ. ನಿಜವಾ?

ನಿಜ. ನ್ಯೂಯಾರ್ಕಿನ ಕ್ಲಾಯ್ಸ್‌ಟರ್ಸ್ ಸಂಗ್ರಹಾಲಯದಲ್ಲಿ ಮೆರೋಡ್ ಪೀಠಚಿತ್ರ ಅಂತ ಇದೆ. ಇವತ್ತಿನ ಬೆಲ್ಜಿಯಂ ಭಾಗದ ರಾಬರ್ಟ್ ಕಾಂಪಿನ್ ಅವರ ಕೆಲಸದ ಮನೆಯಲ್ಲಿ ಸುಮಾರು 1427ರಿಂದ 1432ರೊಳಗೆ ತಯಾರಾದದ್ದು. ಮೂರು ಹಲಗೆ. ನಡುವಿನದರಲ್ಲಿ ದೇವದೂತ ಮರಿಯಳಿಗೆ ಸಂದೇಶ ತಂದಿದ್ದಾನೆ. ಬಲಗಡೆ ಹಲಗೆಯಲ್ಲಿ ಜೋಸೆಫರು ತಮ್ಮ ಅಂಗಡಿಯಲ್ಲಿ ಕೂತು ಒಂದು ಪಟ್ಟಿಗೆ ತೂತು ಕೊರೆಯುತ್ತಿದ್ದಾರೆ. ಗೋಡೆಯಾಚೆ ನಡೆಯುತ್ತಿರುವುದು ಅವರಿಗೆ ಗೊತ್ತೇ ಇಲ್ಲ. ಮುಂದಿನ ಮೇಜಿನ ಮೇಲೆ ಒಂದು ಇಲಿಬೋನು. ಕಿಟಕಿಯ ಹೊರಗೆ ಬೀದಿಗೆ ಕಾಣುವಂತೆ ಇನ್ನೊಂದು, ಮಾರಾಟಕ್ಕೆ.

ಮೇಯರ್ ಶಪಿರೊ ಅನ್ನುವ ಕಲಾ ಇತಿಹಾಸಕಾರರು 1945ರಲ್ಲಿ ಇದಕ್ಕೆ ಒಂದು ಕೀಲಿಕೈ ಕೊಟ್ಟರು. ಸಂತ ಅಗಸ್ಟೀನರ ಒಂದು ಪ್ರಸಂಗದಲ್ಲಿ, ಪ್ರಭುವಿನ ಶಿಲುಬೆ ಸೈತಾನನಿಗೆ ಇಟ್ಟ ಇಲಿಬೋನು, ಪ್ರಭುವಿನ ಸಾವೇ ಅದರೊಳಗಿನ ತಿಂಡಿ ಅನ್ನುವ ಮಾತಿದೆ. ಅಂದರೆ ಮನೆಯೊಳಗೆ ದೇವರು ಮನುಷ್ಯನಾಗುತ್ತಿರುವ ಗಳಿಗೆಯಲ್ಲೇ ಪಕ್ಕದ ಅಂಗಡಿಯಲ್ಲಿ ಬೋನು ತಯಾರಾಗುತ್ತಿದೆ. ಮಾಡುವವರು ಜೋಸೆಫರು.

ಜೋಸೆಫರು ತೂತು ಕೊರೆಯುತ್ತಿರುವ ಆ ಪಟ್ಟಿ ಏನು ಅನ್ನೋದಕ್ಕೆ ಮಾತ್ರ ಇವತ್ತಿಗೂ ಜಗಳ ಇದೆ. ಕಾಲು ಕಾಯಿಸುವ ಪೆಟ್ಟಿಗೆಯ ಮುಚ್ಚಳ ಅಂತ ಒಬ್ಬರು, ಮೀನಿನ ತಿಂಡಿ ಇಡುವ ಡಬ್ಬಿ ಅಂತ ಇನ್ನೊಬ್ಬರು. ಒಬ್ಬ ಒಳ್ಳೇ ಬಡಗಿಗೆ ತೋರಿಸಿ ‘ಇದೇನು?’ ಅಂತ ಕೇಳಿದ್ದರೆ ಆಗಲೇ ತೀರ್ಮಾನ ಆಗುತ್ತಿತ್ತೇನೋ.

ಮೇಣದಬತ್ತಿ ಹಿಡಿದ ಹುಡುಗನ ಚಿತ್ರ ಯಾಕೆ ಅಷ್ಟು ಪ್ರಸಿದ್ಧ?

ಫ್ರಾನ್ಸಿನ ಜಾರ್ಜ್ ದ ಲಾ ತೂರ್ 1640ರ ದಶಕದಲ್ಲಿ ಬರೆದದ್ದು ಅದು. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ರಾತ್ರಿ ಹೊತ್ತು. ದೊಡ್ಡ ಮೈಕಟ್ಟಿನ ಜೋಸೆಫರು ಬಗ್ಗಿ ತೊಲೆಯೊಂದಕ್ಕೆ ಬೈರಿಗೆ ತಿರುಗಿಸುತ್ತಿದ್ದಾರೆ. ಹಣೆಯ ಗೆರೆಗಳು ಎದ್ದು ಕಾಣುತ್ತವೆ. ನೆಲದ ಮೇಲೆ ಸುರುಳಿ ಸುತ್ತಿದ ಮರದ ಚಕ್ಕೆ. ಎದುರಿಗೆ ಕೂತ ಬಾಲಯೇಸು ಮೇಣದಬತ್ತಿ ಹಿಡಿದು, ಆರದಿರಲಿ ಅಂತ ಇನ್ನೊಂದು ಕೈ ಅಡ್ಡ ಇಟ್ಟಿದ್ದಾನೆ.

ಆ ಕೈಯನ್ನು ನೋಡಬೇಕು. ಬೆಳಕು ಬೆರಳುಗಳ ಮಾಂಸ ದಾಟಿ ಈಚೆ ಬರುತ್ತಿದೆ, ಉಗುರಿನ ಅಂಚು ಕೆಂಪಗೆ ಹೊಳೆಯುತ್ತಿದೆ. ಕರೆಂಟ್ ಹೋದಾಗ ನಾವೆಲ್ಲ ಮಾಡಿರುವ ಆಟ ಅದು. ಬತ್ತಿಯ ಬೆಳಕು ನೇರವಾಗಿ ಹುಡುಗನ ಮುಖದ ಮೇಲೆ ಬೀಳುತ್ತಿದೆ. ಹಾಗಾಗಿ ಹುಡುಗನ ಮುಖವೇ ಬೆಳಕಿನ ಮೂಲ ಅನ್ನಿಸುತ್ತದೆ. ಯೇಸು ಲೋಕದ ಬೆಳಕು ಅನ್ನೋದನ್ನು ಒಂದು ಅಕ್ಷರ ಬರೆಯದೆ ಹೇಳಿದ್ದಾನೆ ಚಿತ್ರಗಾರ.

ಕೆಳಗಿನ ತೊಲೆಯನ್ನು ಶಿಲುಬೆಯ ಮುನ್ಸೂಚನೆ ಅಂತ ಓದುತ್ತಾರೆ. ಅದು ಒಪ್ಪಬೇಕಾದದ್ದೇ, ಯಾಕೆಂದರೆ ಜೋಸೆಫರ ಕಣ್ಣು ಕೆಲಸದ ಮೇಲಿಲ್ಲ, ಹುಡುಗನ ಕಡೆಗಿದೆ. ಅಪ್ಪ ದುಡಿಯುತ್ತಾನೆ, ಮಗ ದೀಪ ಹಿಡಿಯುತ್ತಾನೆ. ಮರ ಮಾತ್ರ ಮುಂದೇನಾಗುತ್ತೆ ಅಂತ ಇಬ್ಬರಿಗೂ ನೆನಪಿಸುತ್ತಾ ನಡುವೆ ಬಿದ್ದಿದೆ.

ಇದೇ ವಿಷಯವನ್ನು ಇಂಗ್ಲೆಂಡಿನ ಚಿತ್ರಗಾರ ಮಿಲೇ 1850ರಲ್ಲಿ ಹಗಲು ಬೆಳಕಿಗೆ ತಂದಾಗ ಗಲಾಟೆಯೇ ಆಯಿತು. ಬಡಗಿ ಅಂಗಡಿಯಲ್ಲಿ ಬಾಲಯೇಸುವಿನ ಅಂಗೈಗೆ ಮೊಳೆ ತಗುಲಿ ರಕ್ತ ಬಂದಿದೆ, ಒಂದು ಹನಿ ಪಾದದ ಮೇಲೂ ಬಿದ್ದಿದೆ. ಜೋಸೆಫರ ತೋಳಿಗೆ ಮಿಲೇ ನಿಜವಾದ ಬಡಗಿಯನ್ನೇ ಕೂರಿಸಿ ಬರೆದರು, ನರ, ಸ್ನಾಯು ಎಲ್ಲ ಸರಿಯಾಗಿ ಬರಲಿ ಅಂತ. ಕಾದಂಬರಿಕಾರ ಡಿಕನ್ಸ್ ಈ ಚಿತ್ರವನ್ನು ಕಂಡಾಬಟ್ಟೆ ಬೈದು ಬರೆದರು. ಪವಿತ್ರ ಕುಟುಂಬ ಕೂಲಿಯವರ ಹಾಗೆ ಕಾಣೋದು ಅನೇಕರಿಗೆ ಹಿಡಿಸಲಿಲ್ಲ.

ಮೇ 1ರಂದೂ ಜೋಸೆಫರ ಹಬ್ಬ ಇದೆಯಲ್ಲ?

ಹೌದು. ಕಾರ್ಮಿಕರ ದಿನದಂದೇ ‘ಕಾರ್ಮಿಕ ಸಂತ ಜೋಸೆಫರ’ ಹಬ್ಬ ಇರಲಿ ಅಂತ ಹನ್ನೆರಡನೇ ಪಯಸ್ ಪೋಪರು 1955ರಲ್ಲಿ ಗೊತ್ತುಮಾಡಿದರು. ಕಮ್ಯುನಿಸ್ಟರ ಕೆಂಬಾವುಟದ ದಿನಕ್ಕೆ ಚರ್ಚಿನ ಉತ್ತರ ಅದು, ಮುಚ್ಚುಮರೆ ಏನಿಲ್ಲ. ಅಲ್ಲಿಂದೀಚೆಗೆ ಅಂಗಿಯ ತೋಳು ಮಡಚಿ ಬಡಗಿಯ ಕೆಲಸದ ಮೇಜಿನ ಮುಂದೆ ನಿಂತ ಜೋಸೆಫರ ಸ್ವರೂಪಗಳು ಜಾಸ್ತಿಯಾದವು. ಅಂಥ ಸ್ವರೂಪದಲ್ಲಿ ಲಿಲ್ಲಿ ಇರುವುದು ಅಪರೂಪ.

ಇದನ್ನು ನಮ್ಮ ಆಯುಧಪೂಜೆಗೆ ಹೋಲಿಸುವವರಿದ್ದಾರೆ. ಪೂರ್ತಿ ಒಂದೇ ಅಲ್ಲ. ಇಲ್ಲಿ ಗೌರವ ಉಳಿಗಲ್ಲ, ಉಳಿ ಹಿಡಿದ ಕೈಗೆ.

ತಿನ್ನುವ ಸಂಕೇತವೂ ಒಂದಿದೆ. ಸಿಸಿಲಿಯಲ್ಲಿ ಮಾರ್ಚ್ 19ಕ್ಕೆ ಜೋಸೆಫರ ಹೆಸರಲ್ಲಿ ಊಟದ ಮೇಜು ಸಜ್ಜುಮಾಡುತ್ತಾರೆ. ಪಾಸ್ತಾದ ಮೇಲೆ ಹುರಿದ ಬ್ರೆಡ್ಡಿನ ಪುಡಿ ಉದುರಿಸುತ್ತಾರೆ. ಅದು ಬಡಗಿ ಅಂಗಡಿಯ ಮರದ ಹೊಟ್ಟು.

ಮಲಗಿರುವ ಜೋಸೆಫರ ಸ್ವರೂಪ ಸಾವಿನದಾ?

ಅಲ್ಲ, ನಿದ್ದೆಯದು. ಇವೆರಡನ್ನು ಗೊಂದಲ ಮಾಡಿಕೊಳ್ಳುವವರು ತುಂಬ ಜನ. ಮತ್ತಾಯನಲ್ಲಿ ಜೋಸೆಫರಿಗೆ ನಾಲ್ಕು ಸಲ ಕನಸಿನಲ್ಲೇ ಅಪ್ಪಣೆ ಸಿಗುತ್ತದೆ. ತಲೆಯ ಕೆಳಗೆ ಕೈ ಇಟ್ಟು ಒಂದು ಮಗ್ಗುಲಿಗೆ ಒಬ್ಬರೇ ಮಲಗಿದ್ದರೆ ಅದು ಕನಸು. ಹಾಸಿಗೆಯ ಎರಡೂ ಬದಿ ಯೇಸು, ಮರಿಯಮ್ಮ ಇದ್ದರೆ ಅದು ಸಾವು. ಪೋಪ್ ಫ್ರಾನ್ಸಿಸರು ತಮ್ಮ ಮೇಜಿನ ಮೇಲೆ ನಿದ್ದೆಯ ಜೋಸೆಫರನ್ನು ಇಟ್ಟುಕೊಂಡಿದ್ದರು. ಏನಾದರೂ ಕಷ್ಟ ಬಂದರೆ ಚೀಟಿ ಬರೆದು ಅದರ ಕೆಳಗೆ ಇಡುತ್ತೇನೆ ಅಂತ 2015ರ ಜನವರಿಯಲ್ಲಿ ಮನಿಲಾದಲ್ಲಿ ಹೇಳಿದರು. ಆಮೇಲೆ ಈ ಸ್ವರೂಪ ನಮ್ಮ ಕಡೆಯ ಅಂಗಡಿಗಳಿಗೂ ಬಂತು.

ಬೈಬಲ್ಲಿನಲ್ಲಿ ಜೋಸೆಫರ ಸಾವೇ ಇಲ್ಲ. ಚಿತ್ರ ಎಲ್ಲಿಂದ ಬಂತು?

ಸಾವಿನ ಸುದ್ದಿ ಇಲ್ಲ, ಆದರೆ ಸುಳಿವಿದೆ. ದೊಡ್ಡವರಾದ ಯೇಸು ಹೋದ ಕಾನಾ ಊರಿನ ಮದುವೆಯಲ್ಲಿ ತಾಯಿ ಇದ್ದಾರೆ, ಜೋಸೆಫರಿಲ್ಲ. ಶಿಲುಬೆಯ ಮೇಲಿಂದ ಯೇಸು ತಾಯಿಯನ್ನು ಶಿಷ್ಯನಿಗೆ ಒಪ್ಪಿಸುತ್ತಾರೆ. ಗಂಡ ಬದುಕಿದ್ದರೆ ಹಾಗೆ ಒಪ್ಪಿಸುವ ಅಗತ್ಯ ಇರಲಿಲ್ಲ. ಹಾಗಾಗಿ ಅದಕ್ಕೂ ಮೊದಲೇ ಹೋಗಿದ್ದಾರೆ, ಮನೆಯಲ್ಲೇ, ಹೆಂಡತಿ ಮಗನ ನಡುವೆ ಅಂತ ಜನ ಊಹಿಸಿದರು.

ಈಜಿಪ್ಟಿನ ಕ್ರೈಸ್ತರ ನಡುವೆ ಬೆಳೆದ ‘ಬಡಗಿ ಜೋಸೆಫರ ಚರಿತ್ರೆ’ ಈ ಊಹೆಗೆ ಕಥೆಯ ಮೈ ಕೊಟ್ಟಿತು. ಅದರಲ್ಲಿ ಜೋಸೆಫರು 111 ವರ್ಷ ಬದುಕುತ್ತಾರೆ. ಒಂದು ಹಲ್ಲೂ ಹೋಗಿಲ್ಲ, ಕಣ್ಣೂ ಮಂಜಾಗಿಲ್ಲ. ಕಥೆ ಹೇಳುವುದು ಸ್ವತಃ ಯೇಸು, ಶಿಷ್ಯರ ಮುಂದೆ. ತಾನು ತಲೆಯ ಹತ್ತಿರ ಕೂತೆ, ಅಮ್ಮ ಕಾಲಿನ ಹತ್ತಿರ ಅನ್ನುತ್ತಾರೆ. ಮಿಕಾಯೇಲ, ಗಬ್ರಿಯೇಲ ದೇವದೂತರು ಬಂದು ಆತ್ಮವನ್ನು ಹೊಳೆಯುವ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಾರೆ. ನನ್ನನ್ನು ತಟ್ಟಿದ್ದು ಬೇರೆ. ಈ ಕಥೆಯಲ್ಲಿ ಜೋಸೆಫರು ಹೆದರುತ್ತಾರೆ. ಸಾವು ಬರುತ್ತಿದೆ ಅಂತ ನರಳುತ್ತಾರೆ, ಮಗನನ್ನು ಕರೆಯುತ್ತಾರೆ. ನಂತರದ ಚಿತ್ರಗಳಲ್ಲಿ ಕಾಣುವ ನೆಮ್ಮದಿಯ ಮುಖ ಆ ಭಯ ಕಳೆದ ಮೇಲಿನದು.

ಸಾವಿನ ಚಿತ್ರದಲ್ಲಿ ಏನೇನು ಗಮನಿಸಬೇಕು?

ಮೊದಲು ಯಾರು ಎಲ್ಲಿದ್ದಾರೆ ನೋಡಿ. ಯೇಸುವಿನ ಒಂದು ಕೈ ಸಾಮಾನ್ಯವಾಗಿ ಆಶೀರ್ವಾದಕ್ಕೆ ಎತ್ತಿರುತ್ತದೆ ಅಥವಾ ಮೇಲಕ್ಕೆ ತೋರಿಸುತ್ತಿರುತ್ತದೆ. ಲಿಲ್ಲಿ ಕೈಯಿಂದ ಜಾರಿ ಹಾಸಿಗೆಯ ಮೇಲೋ ನೆಲದ ಮೇಲೋ ಬಿದ್ದಿರುತ್ತದೆ. ಉಪಕರಣಗಳು ಗೋಡೆಗೆ ಒರಗಿರುತ್ತವೆ. ಕೆಲಸ ನಿಂತಿದೆ ಅಂತ ಹೇಳುವ ರೀತಿ ಅದು. ಬರೋಕ್ ಅನ್ನುವ ಹಳೇ ಆಡಂಬರದ ಶೈಲಿಯ ಚಿತ್ರಗಳಲ್ಲಿ ಮೇಲ್ಗಡೆ ದೇವದೂತರ ಗುಂಪು ಇಳಿದು ಬರುತ್ತಿರುತ್ತದೆ.

ಸ್ಪೇನಿನ ವಲ್ಯಾದೊಲಿದ್ ಊರಿನ ಕನ್ಯಾಸ್ತ್ರೀ ಮಠಕ್ಕಾಗಿ ಗೋಯಾ 1787ರಲ್ಲಿ ಇದೇ ಸಾವನ್ನು ಬರೆದರು. ಅಲ್ಲಿ ಆ ಗುಂಪಿಲ್ಲ. ಹಾಸಿಗೆ, ನಿಂತ ಮಗ, ಹೆಂಡತಿ, ಒಂದಿಷ್ಟು ಬೆಳಕು. ನಮ್ಮ ನಿಮ್ಮ ಮನೆಯ ಸಾವಿನ ಕೋಣೆಯ ಹಾಗೇ ಇದೆ.

‘ಒಳ್ಳೆಯ ಮರಣ’ ಅಂದರೆ ನೋವಿಲ್ಲದ ಸಾವಾ?

ಅಷ್ಟೇ ಅಲ್ಲ. ಹಳೇ ಕ್ರೈಸ್ತರಿಗೆ ಕೆಟ್ಟ ಸಾವು ಅಂದರೆ ತಟ್ಟನೆ, ಸಿದ್ಧತೆಯಿಲ್ಲದೆ ಬಂದ ಸಾವು. ಪಾಪನಿವೇದನೆ ಮಾಡಿ, ಪ್ರಸಾದ ಪಡೆದು, ನಮ್ಮವರು ಸುತ್ತ ಇರುವಾಗ ಹೋಗೋದು ಒಳ್ಳೆಯದು. ಜೋಸೆಫರಿಗೆ ಸ್ವತಃ ಯೇಸುವೇ ಪಕ್ಕದಲ್ಲಿದ್ದರು. ಅದಕ್ಕೇ ಅವರು ಸಾಯುವವರ ಪಾಲಕ ಸಂತ. ಕರಾವಳಿಯ ಕೊಂಕಣಿ ಕ್ರೈಸ್ತರು ಹೇಳುವ ‘ಜೆಜು, ಮರಿ, ಜುಜೆ’ ಅನ್ನುವ ಮೂರು ಹೆಸರು, ಆ ಹಾಸಿಗೆಯ ಸುತ್ತ ಇದ್ದ ಮೂವರದ್ದೇ.

ಬಟ್ಟೆಯ ಬಣ್ಣಕ್ಕೆ ಅರ್ಥ ಇದೆಯಾ?

ಕಂದು, ಹಳದಿ ಮಿಶ್ರಿತ ಮಣ್ಣಿನ ಬಣ್ಣ ಜಾಸ್ತಿ. ಮರ, ಮಣ್ಣು, ದುಡಿಮೆ. ಕೆಲವು ಕಡೆ ನೇರಳೆಯೂ ಇದೆ, ದಾವೀದ ರಾಜನ ವಂಶದವರು ಅನ್ನೋದಕ್ಕೆ. ಕಟ್ಟುನಿಟ್ಟಾದ ನಿಯಮ ಏನಿಲ್ಲ.

ಮನೆ ಮಾರಾಟ ಆಗಲು ಸ್ವರೂಪವನ್ನು ತಲೆಕೆಳಗಾಗಿ ಹೂಳಬೇಕಂತೆ?

ಅಮೆರಿಕದಲ್ಲಿ ಹಾಗೆ ಮಾಡುವವರಿದ್ದಾರೆ. ಚರ್ಚಿನ ಬೋಧನೆಯಲ್ಲಿ ಇದು ಇಲ್ಲ. ಮನೆಮಠ ಕಾಪಾಡಿದ ಮನುಷ್ಯನನ್ನು ಮಣ್ಣಲ್ಲಿ ಹೂತು ವ್ಯಾಪಾರ ಕುದುರಿಸೋದು ನನಗಂತೂ ಸರಿ ಕಾಣುವುದಿಲ್ಲ.

ಜೋಜಪ್ಪ ಅನ್ನುವ ಹೆಸರಿಗೂ ಇವರಿಗೂ ಸಂಬಂಧ ಇದೆಯಾ?

ಇದೆ. ಕನ್ನಡ ಕಥೋಲಿಕರ ಹಳೇ ತಲೆಮಾರಿನಲ್ಲಿ ಜೋಸೆಫ್ ಜೋಜಪ್ಪ ಆದರು. ಹಾಗೆಯೇ ಪೇತ್ರ ರಾಯಪ್ಪ, ಪೌಲ ಚಿನ್ನಪ್ಪ. ಅವರಿಗೂ ‘ಅಪ್ಪ’ ಇದೆ, ಹಾಗಾಗಿ ಇದನ್ನು ಜಾಸ್ತಿ ಎಳೆಯಬಾರದು. ಆದರೂ ಆ ‘ಅಪ್ಪ’ ಜೋಜಪ್ಪನಿಗೆ ಒಪ್ಪಿದ ಹಾಗೆ ಬೇರೆ ಯಾರಿಗೂ ಒಪ್ಪಲಿಲ್ಲ.

ಸಾವಿನ ಚಿತ್ರವನ್ನು ಮನೆಯಲ್ಲಿ ಹಾಕಬಹುದಾ? ಅಪಶಕುನ ಅಲ್ವಾ?

ಹಾಕಬಹುದು. ನಮ್ಮ ಅಜ್ಜಿಯ ಕೋಣೆಯಲ್ಲಿ ಮಂಚದ ಎದುರಿಗೇ ಇತ್ತು. ತಗಡಿನ ಚೌಕಟ್ಟು, ಒಂದು ಮೂಲೆಗೆ ಮಳೆನೀರು ಇಳಿದು ದೇವದೂತನ ರೆಕ್ಕೆ ಕಂದಾಗಿತ್ತು. ಅಜ್ಜಿ ಕಾಯಿಲೆ ಬಿದ್ದ ವರ್ಷ ಮನೆಗೆ ಬಂದವರೊಬ್ಬರು ಅದನ್ನು ತೆಗೆದಿಡಿ ಅಂದರು. ಅಜ್ಜಿ ಒಪ್ಪಲಿಲ್ಲ.

ಚಿತ್ರದಲ್ಲಿ ಗೋಡೆಗೆ ಒಂದು ಹಲಗೆ ಒರಗಿತ್ತು. ಅರ್ಧಕ್ಕೆ ಹತ್ತರಿ ಹೊಡೆದದ್ದು, ಇನ್ನರ್ಧ ಒರಟು. ಚಿಕ್ಕವನಿದ್ದಾಗ ನನಗೆ ಸಂತರಿಗಿಂತ ಅದೇ ತಲೆಗೆ ಹೊಕ್ಕಿತ್ತು. ‘ಅಜ್ಜಿ, ಆ ಹಲಗೆ ಆಮೇಲೆ ಯಾರು ಮುಗಿಸಿದ್ರು?’ ಅಂತ ಕೇಳಿದೆ.

ಅಜ್ಜಿ ಜಪಸರದಿಂದ ಕಣ್ಣೆತ್ತದೆ ಹೇಳಿದಳು: ‘ಮಗ ಇದ್ನಲ್ಲೋ.’